ಐದೂವರೆ ಗೇಣಿನ ಊರು

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಬೀದಿಯವರು ಮರೆತು ಬಹಳ ಕಾಲವಾಗಿತ್ತು. ಬ್ಯಾಂಕಿನಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವನೂ ಆಚೀಚೆ ನೋಡಿ, ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನೆ ಕೂತಿರುತ್ತಿದ್ದ. ಬೀದಿಗೆ ಅವನು ಗೇಣಪ್ಪ. ಎದುರಿಗೆ ಮಾತ್ರ ಮಾವ. ಕಸುಬು ಸೂಟ್‌ಕೇಸ್ ರಿಪೇರಿ. ಮುರಿದ ಚಕ್ರ, ಕಿತ್ತುಹೋದ ಜಿಪ್ಪು, ನಂಬರು ಮರೆತುಹೋದ ಬೀಗ, ಒಳಗೆ ಹೋದರೆ ಹೊರಗೆ ಬಾರದ ಹಿಡಿಕೆ, ಇವನ್ನೆಲ್ಲ ಸರಿಮಾಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಇದನ್ನು ಮೊದಲೇ ಹೇಳಿ ಮುಗಿಸುವುದು ವಾಸಿ, ಏಕೆಂದರೆ ಇನ್ನು ಮುಂದೆ ಅವನನ್ನು ಹೊಗಳುವ ಸಂದರ್ಭ ಅಷ್ಟಾಗಿ ಬರುವುದಿಲ್ಲ.

ಅಂಗಡಿಯೆಂದರೆ ಉದ್ದಕ್ಕೆ ಒಂದು ಓಣಿ, ಅದಕ್ಕೊಂದು ಬಾಗಿಲು. ಬಲಗಡೆ ನೆಲದಿಂದ ಸೂರಿನವರೆಗೆ ಸೂಟ್‌ಕೇಸುಗಳು. ಎಡಗಡೆಯ ಗೋಡೆಗೆ ತೇವ ಏರಿ ದೊಡ್ಡ ಕಲೆ ಬಿದ್ದಿತ್ತು. ಅದನ್ನು ಮುಚ್ಚಲು ಗೇಣಪ್ಪ ಎಲ್ಲಿಂದಲೋ ಒಂದು ಪ್ರಪಂಚದ ನಕ್ಷೆ ತಂದು ಹೊಡೆದ. ಹಳೇ ಶಾಲೆಯ ನಕ್ಷೆ, ಚೌಕಟ್ಟಿನ ಸಮೇತ ಬಂದದ್ದು. ಅದರಲ್ಲಿ ನಮ್ಮೂರು ಬಲಗಡೆಯ ಅಂಚಿಗೆ ಅಂಟಿಕೊಂಡಂತೆ ಇತ್ತು. ಊರಿನ ಹೆಸರಿನ ಕೊನೆಯ ಅಕ್ಷರ ಚೌಕಟ್ಟಿನ ಕೆಳಗೆ ಸಿಕ್ಕಿಕೊಂಡಿತ್ತು. ತೇವ ಮುಚ್ಚಲು ತಂದದ್ದು ಬೀದಿಗೆಲ್ಲ ಜ್ಞಾನ ಹಂಚುವ ಪೀಠವಾದೀತೆಂದು ಆಗ ಯಾರಿಗೆ ಗೊತ್ತಿತ್ತು?

ಆದದ್ದು ಹೀಗೆ. ಒಬ್ಬ ಗಿರಾಕಿ ಚಕ್ರ ಹಾಕಿಸಿಕೊಳ್ಳುತ್ತ ನಕ್ಷೆಯ ಮೇಲೆ ಬೆರಳಿಟ್ಟು, "ನಾನು ಬಂದದ್ದು ಈ ಊರಿಂದ, ವಿಮಾನದಲ್ಲಿ ಏಳು ಗಂಟೆ ಹಿಡೀತು" ಎಂದ. ಗೇಣಪ್ಪ ಸುಮ್ಮನೆ ಇರಲಾರದೆ ಹೆಬ್ಬೆರಳನ್ನು ನಮ್ಮೂರಿನ ಮೇಲೆ ಊರಿ, ಕೈ ಅಗಲಿಸಿ ಕಿರುಬೆರಳು ಚಾಚಿದ. ಅದು ಸರಿಯಾಗಿ ಆ ಊರಿನ ಮೇಲೆ ಕೂತಿತು. ಅಷ್ಟೇ ಸಾಕಾಯಿತು. ಅಂದಿನಿಂದ ಒಂದು ಗೇಣಿಗೆ ಏಳು ಗಂಟೆ ಎಂಬುದು ಆ ಅಂಗಡಿಯ ಕಾನೂನು.

ಜನ ಬಂದು ಕೇಳಲು ಶುರುಮಾಡಿದರು. ಪ್ರಯಾಣ ಇದ್ದವರೂ ಬಂದರು, ಜನ್ಮದಲ್ಲಿ ಪ್ರಯಾಣ ಮಾಡದವರೂ ಬಂದರು. ಯಾರೇ ಕೇಳಲಿ, ಗೇಣಪ್ಪ ಮೊದಲು ಕೈ ತೊಳೆಯುತ್ತಿದ್ದ. ಆಮೇಲೆ ಬಟ್ಟೆಗೆ ಒರೆಸಿ, ಒಂದು ಕಣ್ಣು ಮುಚ್ಚಿ, ಗೋಡೆಗೆ ಗೇಣು ಹಾಕಿ, ಸ್ವಲ್ಪ ಹೊತ್ತು ಮೌನವಾಗಿರುತ್ತಿದ್ದ. ಮೌನ ಎಷ್ಟು ಉದ್ದವೋ ಉತ್ತರಕ್ಕೆ ಅಷ್ಟು ತೂಕ.

"ಎರಡು ಗೇಣು, ನಾಲ್ಕು ಬೆರಳು. ಹದಿನಾರು ಗಂಟೆ. ಕಿಟಕಿ ಪಕ್ಕ ಕೂರಬೇಡಿ, ಎದ್ದು ಓಡಾಡೋಕೆ ತೊಂದರೆ. ಮೇಲೆ ಏರುವಾಗ ಕಿವಿ ಗುಯ್ ಅಂದ್ರೆ ಗಾಬರಿ ಬೀಳಬೇಡಿ, ಬಾಯಲ್ಲಿ ಏನಾದ್ರೂ ಜಗೀತಾ ಇರಿ."

ಇಷ್ಟೆಲ್ಲ ಹೇಳುವವನು ವಿಮಾನ ಹತ್ತಿದ್ದು ಎಷ್ಟು ಸಲ ಎಂದು ಕೇಳಬೇಡಿ. ರಿಪೇರಿಯಾದ ಪೆಟ್ಟಿಗೆ ಕೊಡಲು ಒಮ್ಮೆ ವಿಮಾನ ನಿಲ್ದಾಣದ ಹೊರಬಾಗಿಲವರೆಗೆ ಹೋಗಿದ್ದ, ಅಷ್ಟೇ. ಹತ್ತುವುದಿರಲಿ, ಅಂಗಡಿಯ ಸ್ಟೂಲಿನ ಮೇಲೆ ನಿಂತರೇ ಅವನಿಗೆ ತಲೆ ಗಿರ್ರೆನ್ನುತ್ತಿತ್ತು. ನಕ್ಷೆಯಲ್ಲಿ ತೀರ ಮೇಲಿರುವ ಊರುಗಳನ್ನು ಅಳೆಯಲು ಸ್ಟೂಲು ಹತ್ತಲೇಬೇಕು. ಹಾಗಾಗಿ ಆ ಕಡೆಗೆ ಹೊರಟವರಿಗೆ, "ಅಲ್ಲಿ ಕೊರೆಯೋ ಚಳಿ, ಯಾಕೆ ಹೋಗ್ತೀರಿ?" ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದ.

ಲೆಕ್ಕ ತಪ್ಪುತ್ತಿರಲಿಲ್ಲವೇ ಅಂದರೆ, ಯಾವಾಗ ಸರಿಯಿರುತ್ತಿತ್ತು ಎಂದು ಕೇಳುವುದೇ ಸುಲಭ. ಹೋಗಿಬಂದವರು, "ಮಾವ, ನೀವು ಹದಿನಾರು ಅಂದಿದ್ರಿ, ಹನ್ನೆರಡಕ್ಕೇ ಇಳಿಸಿಬಿಟ್ರು" ಎಂದರೆ, "ಹಿಂದಿನಿಂದ ಗಾಳಿ ತಳ್ಳಿರುತ್ತೆ" ಎನ್ನುತ್ತಿದ್ದ. ಇಪ್ಪತ್ತು ಹಿಡಿಯಿತು ಎಂದರೆ, "ಎದುರುಗಾಳಿ ಸಿಕ್ಕಿದೆ, ಪುಣ್ಯಕ್ಕೆ ಬದುಕಿ ಬಂದಿದ್ದೀರಿ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೇಣಪ್ಪನ ಪಾಲಿಗೆ ಡೊಂಕಾದದ್ದು ಗಾಳಿ. ಅದಕ್ಕೆ ಬಾಯಿಲ್ಲವಾದ್ದರಿಂದ ಅದು ಎಂದೂ ಬಂದು ಜಗಳ ಕಾಯಲಿಲ್ಲ.

ಬೀದಿಯಲ್ಲಿ ಅವನನ್ನು ಕಿಚಾಯಿಸುತ್ತಿದ್ದವನು ಎದುರಂಗಡಿಯ ದರ್ಜಿಯೊಬ್ಬನೇ. ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದ, "ನಾನೂ ಅಳತೆ ತಗೊಳ್ಳೋನೇ ಮಾವ. ಆದ್ರೆ ಅಂಗಿ ಬಿಗಿಯಾದ್ರೆ ಗಾಳಿ ಮೇಲೆ ಹಾಕೋ ಅದೃಷ್ಟ ನನಗಿಲ್ಲ ನೋಡಿ." ಗೇಣಪ್ಪ ಕೇಳಿಸದವನಂತೆ ಜಿಪ್ಪು ಎಳೆಯುತ್ತಿದ್ದ.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ನಾಲ್ಕು ಗಂಟೆ ಹೆಚ್ಚು ಕಡಿಮೆಯಾದರೆ ಯಾರ ಗಂಟು ಹೋಗುತ್ತದೆ? ಕೂತವರು ಕೂತಿರುತ್ತಾರೆ, ವಿಮಾನ ಇಳಿಯುವಾಗ ಇಳಿಯುತ್ತದೆ. ಆದರೆ ಅವನ ಗೇಣನ್ನು ದೇವರ ವಾಕ್ಯವೆಂದು ನಂಬಿ ಬದುಕು ನಡೆಸಿದ ಒಂದು ಜೀವ ಮನೆಯೊಳಗೇ ಇತ್ತು. ಅದು ಅವನ ಹೆಂಡತಿ.

ಅವಳಿಗೆ ಒಬ್ಬ ಅಕ್ಕ. ಚಿಕ್ಕಂದಿನಲ್ಲೇ ತಾಯಿ ಹೋದಮೇಲೆ ತಲೆ ಬಾಚಿ, ಮೂಗು ಒರೆಸಿ, ಬೈದು, ಮುದ್ದಿಸಿ ಬೆಳೆಸಿದವಳು ಆ ಅಕ್ಕನೇ. ಭಾವ ಹಡಗಿನ ಕಂಪನಿಯಲ್ಲಿ ಕೆಲಸಕ್ಕಿದ್ದ. ಅವನನ್ನು ವರ್ಗ ಮಾಡಿದಾಗಲೆಲ್ಲ ಅಕ್ಕ ನಕ್ಷೆಯಲ್ಲಿ ಎಡಕ್ಕೆ ಎಡಕ್ಕೆ ಸರಿಯುತ್ತ ಹೋಗಿ, ಕೊನೆಗೆ ಎಡ ಅಂಚಿನ ಒಂದು ಊರಿಗೆ ಮುಟ್ಟಿದಳು. ಅಲ್ಲಿ ಭಾವ ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡ. ಅಕ್ಕ ಅಲ್ಲೇ ಒಂದು ಬೇಕರಿಯಲ್ಲಿ ಕೆಲಸ ಮಾಡಿಕೊಂಡು ಉಳಿದಳು. ಅಕ್ಕತಂಗಿಯರು ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಫೋನಿನಲ್ಲಿ ಮಾತ್ರ ದಿನ ತಪ್ಪದೆ ಒಬ್ಬರಿಗೊಬ್ಬರು ಅಡುಗೆ ಏನೆಂದು ಹೇಳಿಕೊಳ್ಳುತ್ತಿದ್ದರು.

ಒಂದು ವರ್ಷ ಹೆಂಡತಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಗುಣವಾದ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು, "ಹತ್ತು ಗಂಟೆಗಿಂತ ಹೆಚ್ಚಿನ ಪ್ರಯಾಣ ಬೇಡಮ್ಮ. ಒಂದೇ ಕಡೆ ಕೂತರೆ ಮತ್ತೆ ಹೆಪ್ಪುಗಟ್ಟುತ್ತೆ, ಅದು ಎದೆಗೆ ಏರಿದ್ರೆ ಕಷ್ಟ." ಅವಳು ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ನೇರ ಅಂಗಡಿಗೆ ಬಂದಳು. ಮೂರು ಜನ ಗಿರಾಕಿಗಳು ನಿಂತಿದ್ದರು.

"ರೀ, ಅಕ್ಕನ ಊರಿಗೆ ಎಷ್ಟಾಗುತ್ತೆ ನೋಡಿ."

ಗೇಣಪ್ಪ ಕೈ ತೊಳೆದ. ಹೆಂಡತಿಯಾದರೇನು, ಶಾಸ್ತ್ರ ಶಾಸ್ತ್ರವೇ. ಬಲ ಅಂಚಿನಿಂದ ಹೊರಟು, ಗೇಣಿನ ಮೇಲೆ ಗೇಣು ಹಾಕುತ್ತ, ಸಮುದ್ರ ದಾಟಿ, ಖಂಡಗಳನ್ನು ದಾಟಿ, ಹೆಜ್ಜೆ ಪಕ್ಕಕ್ಕೆ ಸರಿಸುತ್ತ ಸರಿಸುತ್ತ ನಕ್ಷೆಯ ಇನ್ನೊಂದು ತುದಿಗೆ ಬಂದು ನಿಂತ. ಗಿರಾಕಿಗಳು ಅವನಿಗೆ ದಾರಿ ಬಿಟ್ಟು ಸೂಟ್‌ಕೇಸುಗಳಿಗೆ ಒರಗಿದರು.

"ಐದೂವರೆ ಗೇಣು" ಎಂದ. "ಮೂವತ್ತೆಂಟು ಗಂಟೆ. ಅದೂ ಬರೀ ಆಕಾಶದಲ್ಲಿ. ನಡುವೆ ಇಳಿದು ಹತ್ತೋದು ಬೇರೆ. ನಿನ್ನ ಕಾಲಲ್ಲ, ನೀನೇ ಹೋಗ್ತೀಯ ಕಣೇ."

ಗಿರಾಕಿಗಳು ಅಯ್ಯೋ ಪಾಪ ಎಂದರು. ಅವಳು ಮನೆಗೆ ಹೋದಳು. ಇನ್ನೊಬ್ಬರನ್ನು ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಕೇಳಬೇಕಾದವರೆಲ್ಲ ತನ್ನ ಗಂಡನನ್ನೇ ಕೇಳುತ್ತಿರುವಾಗ ಅವಳು ಯಾರನ್ನು ಕೇಳಬೇಕು? ಫೋನಿನಲ್ಲಿ ಅಕ್ಕನೂ, "ನಿಮ್ಮನೆಯವರು ಹೇಳಿದ್ಮೇಲೆ ಮುಗೀತು. ಅವರು ಅದೇ ಕಸುಬಿನಲ್ಲಿ ಇರೋರಲ್ವಾ" ಎಂದಳು. ಚಕ್ರ ಹಾಕುವವನಿಗೂ ವಿಮಾನ ಹಾರಿಸುವವನಿಗೂ ನಡುವೆ ಎಷ್ಟು ಗೇಣು ಎಂದು ಆ ಇಬ್ಬರಲ್ಲಿ ಒಬ್ಬಳಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೀಗೆ ಕೆಲವು ವರ್ಷ ಹೋದಮೇಲೆ ಅಕ್ಕನ ಕಣ್ಣಿಗೆ ಮಂಜು ಕವಿಯತೊಡಗಿತು. ಕಣ್ಣಿನ ಹಿಂದಿನ ನರ ಒಣಗುತ್ತಿದೆಯಂತೆ, ಔಷಧಿಯಿಂದ ನಿಧಾನ ಮಾಡಬಹುದಂತೆ, ನಿಲ್ಲಿಸಲು ಆಗುವುದಿಲ್ಲವಂತೆ. "ಈಗ ಎದುರಿಗೆ ಕೂತವರ ಮುಖ ಕಾಣುತ್ತೆ ಕಣೇ" ಎಂದಳು ಅಕ್ಕ. "ಪಕ್ಕದ್ದು ಕಾಣಲ್ಲ. ಫೋನಿನಲ್ಲಿ ನೀನು ಮುಖ ತೋರಿಸಿದ್ರೆ ಬರೀ ಬೆಳಕು ಅಲ್ಲಾಡಿದ ಹಾಗೆ ಆಗುತ್ತೆ. ಪೂರ್ತಿ ಹೋಗೋದ್ರೊಳಗೆ ನಿನ್ನ ಮುಖ ಒಂದ್ಸಲ ನೋಡ್ಬೇಕಿತ್ತು." ಮಂಜುಗಣ್ಣಿನಲ್ಲಿ ಒಬ್ಬಳೇ ಅಷ್ಟು ದೂರ ಬರುವುದು ಅವಳಿಗೂ ಆಗದ ಮಾತು.

ಹೆಂಡತಿ ಊಟದ ಡಬ್ಬಿ ತಂದವಳು ಹೋಗದೆ ನಕ್ಷೆಯ ಮುಂದೆ ನಿಂತಳು.

"ಇನ್ನೊಂದ್ಸಲ ಅಳೀರಿ. ಅವತ್ತು ಕೈ ಜಾರಿರಬಹುದು."

"ಭೂಮಿ ಏನು ಬಟ್ಟೆಯಾ, ಒಗೆದ್ರೆ ಕುಗ್ಗೋಕೆ?" ಎಂದ ಗೇಣಪ್ಪ. ಆದರೂ ಅಳೆದ. ಐದೂವರೆಯೇ ಬಂತು. ಆಮೇಲೆ ಅವಳು ಎರಡು ತಿಂಗಳಿಗೊಮ್ಮೆಯಾದರೂ ಅದನ್ನೇ ಕೇಳುತ್ತಿದ್ದಳು, ಅವನು ಅಳೆಯುತ್ತಿದ್ದ, ಅದೇ ಬರುತ್ತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಇಂಥ ಗಂಡಹೆಂಡಿರನ್ನು ನೋಡಿಯೇ ಹುಟ್ಟಿರಬೇಕು.

ಒಂದು ದಿನ ಮಧ್ಯಾಹ್ನ ಒಬ್ಬಳು ಗಗನಸಖಿ ಅಂಗಡಿಗೆ ಬಂದಳು. ಸಮವಸ್ತ್ರದಲ್ಲೇ ಇದ್ದಳು. ಪೆಟ್ಟಿಗೆಯ ಒಂದು ಚಕ್ರ ಹಾರಿಹೋಗಿತ್ತು. ವಿಮಾನದಲ್ಲಿ ಕೆಲಸ ಮಾಡುವವರೇ ತನ್ನ ಅಂಗಡಿಗೆ ಬಂದರೆಂದು ಗೇಣಪ್ಪನಿಗೆ ಕೊಂಬು ಮೂಡಿತು. ಚಕ್ರ ಬಿಚ್ಚುತ್ತ ತನ್ನ ವಿದ್ಯೆಯನ್ನೆಲ್ಲ ಅವಳ ಮುಂದೆ ಹರವಿದ.

"ನೀವು ಈಗ ಎಲ್ಲಿಂದ ಬಂದ್ರಿ, ಹೇಳಿ ನೋಡೋಣ."

ಅವಳು ನಕ್ಷೆ ನೋಡಿ ಎಡ ಅಂಚಿಗೆ ಬೆರಳು ತೋರಿಸಿದಳು. ಅಕ್ಕನ ಊರೇ.

"ಓಹೋ, ನನ್ನ ಹೆಂಡತಿಯ ಅಕ್ಕ ಇರೋದು ಅಲ್ಲೇ ಕಣಮ್ಮ. ಐದೂವರೆ ಗೇಣು. ಮೂವತ್ತೆಂಟು ಗಂಟೆ. ಇವಳಿಗೆ ಕಾಲು ಸರಿ ಇಲ್ಲ, ಆ ಯಮ್ಮನಿಗೆ ಕಣ್ಣು ಹೋಗ್ತಾ ಇದೆ. ನೋಡ್ಬೇಕು ಅಂತ ಇಬ್ಬರಿಗೂ ಆಸೆ. ಏನ್ಮಾಡೋದು, ದೂರಕ್ಕೆ ಮದ್ದಿಲ್ಲ."

"ಯಾವ ಮೂವತ್ತೆಂಟು ಅಂಕಲ್?" ಎಂದಳು ಅವಳು. "ನಾನು ರಾತ್ರಿ ಊಟ ಅಲ್ಲೇ ಮುಗಿಸಿ ಬಂದಿದ್ದೀನಿ. ಒಂಬತ್ತು ಗಂಟೆ ಹಾರಾಟ, ಅಷ್ಟೇ."

"ಒಂಬತ್ತಾ?"

"ನೀವು ಅಳೆದದ್ದು ಆ ಕಡೆಯಿಂದ. ವಿಮಾನ ಬರೋದು ಈ ಕಡೆಯಿಂದ." ಅವಳು ಮೇಜಿನ ಮೇಲಿದ್ದ ಕಂದು ಕಾಗದದ ತುಂಡೊಂದನ್ನು ತೆಗೆದುಕೊಂಡು ಸುತ್ತಿ, ಎರಡು ಅಂಚನ್ನೂ ಕೂಡಿಸಿ ಹಿಡಿದಳು. "ಈ ನಕ್ಷೆ ಗೋಡೆಯಿಂದ ಕಿತ್ತು ಹೀಗೆ ಸುತ್ತಿದ್ರೆ ನಿಮ್ಮೂರೂ ಅಕ್ಕನ ಊರೂ ಅಕ್ಕಪಕ್ಕ ಬರ್ತವೆ. ನಡುವೆ ಒಂದು ಸಮುದ್ರ ಅಷ್ಟೇ. ನಾನು ವಾರಕ್ಕೊಂದ್ಸಲ ಓಡಾಡ್ತೀನಲ್ಲ."

"ಭೂಮಿ ಗುಂಡಗಿದೆ ಅಂತ ನನಗೂ ಗೊತ್ತಮ್ಮ" ಎಂದ ಗೇಣಪ್ಪ. ನಿಜವೇ, ಗೊತ್ತಿತ್ತು. ಶಾಲೆಯಲ್ಲಿ ಬರೆದು ಪಾಸೂ ಆಗಿದ್ದ. ಆದರೆ ಪರೀಕ್ಷೆಗೆ ಗುಂಡಗಿದ್ದ ಭೂಮಿ ಅಂಗಡಿಯ ಗೋಡೆಯ ಮೇಲೂ ಗುಂಡಗೇ ಇರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ಹೋದಮೇಲೆ ಅವನು ನಕ್ಷೆಯ ಬಲ ಅಂಚಿಗೆ ಹೋಗಿ ನಿಂತ. ಹೆಬ್ಬೆರಳನ್ನು ನಮ್ಮೂರಿನ ಮೇಲೆ ಊರಿ ಕೈಯನ್ನು ಬಲಕ್ಕೆ ಚಾಚಿದ. ಕಿರುಬೆರಳು ಚೌಕಟ್ಟು ದಾಟಿ, ಕರೆಂಟಿನ ಮೀಟರು ಪೆಟ್ಟಿಗೆಯ ಮೇಲೆ ಬಿತ್ತು. ಹೆಂಡತಿ ನೆನಪಾದಳು, ಅಕ್ಕ ನೆನಪಾದಳು, ಈಗಲೇ ಮನೆಗೆ ಓಡಿ ಹೇಳಬೇಕೆಂದು ಚಪ್ಪಲಿಯನ್ನೂ ಮೆಟ್ಟಿದ. ಅವನಿಗೆ ಅನ್ಯಾಯ ಮಾಡಬಾರದು, ಮೆಟ್ಟಿದ್ದು ನಿಜ.

ಆದರೆ ಬಾಗಿಲಲ್ಲಿ ದರ್ಜಿ ಕಂಡ. "ಏನು ಮಾವ, ಆ ಹುಡುಗಿ ನಗ್ತಾ ಹೋದ್ಲು?" ಎಂದ.

"ಚಕ್ರ ಚೆನ್ನಾಗಿ ಕೂತಿತು ಅಂತ ಖುಷಿ" ಎಂದು ಗೇಣಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಕೂತು ಯೋಚಿಸಿದ. ಇವಳಿಗೆ ಹೇಳಿದರೆ ಇವಳು ಅಕ್ಕನಿಗೆ ಹೇಳುತ್ತಾಳೆ, ಪಕ್ಕದ ಮನೆಯವರಿಗೆ ಹೇಳುತ್ತಾಳೆ, ಸಂಜೆಯೊಳಗೆ ದರ್ಜಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ಗೇಣು ಹಾಕಿಸಿಕೊಂಡು ಹೋದವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಒಂಬತ್ತೇ ಗಂಟೆ ಎಂದು ಗೊತ್ತಾದರೆ ಅವಳು "ನೀವೂ ಬನ್ನಿ" ಅನ್ನುವುದು ಖಂಡಿತ. ಸ್ಟೂಲಿನ ಮೇಲೇ ತಲೆ ತಿರುಗುವವನು ಮೋಡದ ಮೇಲೆ ಹೇಗೆ ಕೂತಾನು? ಹೇಗೂ ಕಣ್ಣು ಒಂದೇ ದಿನಕ್ಕೆ ಹೋಗುವುದಿಲ್ಲ, ನಿಧಾನಕ್ಕೆ ಹೋಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ, ಸಮಯ ನೋಡಿ ಹೇಳಿದರಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನಮ್ಮ ಜಟ್ಟಿ ಬಿದ್ದಲ್ಲಿಂದ ಏಳಲೂ ಇಲ್ಲ, ಮೀಸೆ ತಿರುವುತ್ತ ಅಲ್ಲೇ ಕೂತ.

ನಾಳೆ ಹೇಳೋಣ ಎಂಬುದು ಮುಂದಿನ ವಾರವಾಯಿತು, ಮುಂದಿನ ವಾರ ಮುಂದಿನ ವರ್ಷವಾಯಿತು. ಮೊದಮೊದಲು ಹೆಂಡತಿ ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ. ಆಮೇಲೆ ಅಭ್ಯಾಸವಾಗಿ ಅಲ್ಲೇ ಕೂತು ಪೇಪರು ಓದತೊಡಗಿದ. ಒಂದು ಸಲ ಅವಳು, "ನಿಮ್ಮ ಅಂಗಡಿಗೆ ಆ ಊರಿನ ಕಡೆಯವರು ಯಾರೂ ಬರಲ್ವಾ? ಬಂದ್ರೆ ಅಕ್ಕನಿಗೆ ಏನಾದ್ರೂ ಕೊಟ್ಟು ಕಳಿಸ್ಬಹುದಿತ್ತು" ಎಂದಳು. "ಯಾರೂ ಬರಲ್ಲ" ಎಂದ. ಅದಕ್ಕೆ ಮೊದಲು ಅವನು ಮಾಡಿದ್ದು ಬರೀ ತಪ್ಪು. ಸುಳ್ಳು ಶುರುವಾದದ್ದು ಅಲ್ಲಿಂದ.

ಎರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಅಕ್ಕ ಬೇಕರಿಯ ಕೆಲಸ ಬಿಟ್ಟಿದ್ದಳು. ಒಂದು ದಿನ ಅವಳು ಫೋನಿನಲ್ಲಿ, "ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತೆ ಕಣೇ. ಕಿಟಕಿ ಹತ್ರ ಯಾರು ನಿಂತಿದಾರೆ ಅಂತ ಗೊತ್ತಾಗಲ್ಲ" ಎಂದಳು. ಹೆಂಡತಿ ಫೋನು ಇಟ್ಟು ಗಂಡನ ಕೈಯಿಂದ ಪೇಪರು ಕಿತ್ತುಕೊಂಡಳು.

"ನಾನು ಹೋಗ್ತೀನಿ."

"ಎಲ್ಲಿಗೆ? ಮೂವತ್ತೆಂಟು..."

"ಮೂವತ್ತೆಂಟಾದ್ರೂ ಆಗಲಿ, ಎಂಬತ್ತಾದ್ರೂ ಆಗಲಿ. ಕಾಲು ಹೋದ್ರೆ ಹೋಗ್ಲಿ, ಜೀವ ಹೋದ್ರೂ ಹೋಗ್ಲಿ. ಅವಳ ಕಣ್ಣಿಗೆ ಚೂರು ಬೆಳಕು ಇರುವಾಗ ನಾನು ಅವಳ ಮುಂದೆ ನಿಲ್ಬೇಕು. ಬೆಳಿಗ್ಗೆ ಟಿಕೆಟ್ ಕೇಳ್ಕೊಂಡು ಬರ್ತೀನಿ."

ಟಿಕೆಟ್ ಎಂದ ಕೂಡಲೇ ಗೇಣಪ್ಪ ಎಚ್ಚೆತ್ತ. ಟಿಕೆಟ್ ಕೊಡುವವನು ಮೊದಲು ಹೇಳುವುದೇ ಎಷ್ಟು ಗಂಟೆ ಎಂದು. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಅವಳು ಏಳುವುದಕ್ಕೆ ಮೊದಲೇ ಮನೆ ಬಿಟ್ಟ. ಹತ್ತು ಗಂಟೆಯ ಹೊತ್ತಿಗೆ ಟಿಕೆಟ್ ಹಿಡಿದುಕೊಂಡು ಬೀದಿಯ ತುದಿಯಿಂದಲೇ ಎಲ್ಲರಿಗೂ ಕೇಳುವಂತೆ ಹೇಳುತ್ತ ಬಂದ.

"ಹೊಸ ದಾರಿ ಬಿಟ್ಟಿದ್ದಾರೆ. ಸಮುದ್ರದ ಮೇಲಿಂದ. ಒಂಬತ್ತೇ ಗಂಟೆ. ನಾನು ಎಷ್ಟು ದಿವಸದಿಂದ ಕಾಯ್ತಾ ಇದ್ದೆ ಇದಕ್ಕೆ."

ದರ್ಜಿ ಯಂತ್ರ ನಿಲ್ಲಿಸಿದ. "ಹೊಸ ದಾರಿನಾ ಮಾವ? ಆಕಾಶಕ್ಕೆ ಟಾರು ಹಾಕೋಕೆ ಇಷ್ಟು ವರ್ಷ ತಗೊಂಡ್ರಾ?"

ಬೀದಿ ನಕ್ಕಿತು, ಆದರೆ ನಂಬಿತು. ಹೆಂಡತಿಯಂತೂ ಟಿಕೆಟ್ಟನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. "ನನಗೋಸ್ಕರ ಕೇಳ್ತಾನೇ ಇದ್ರಾ ನೀವು?" ಎಂದಳು. "ಮತ್ತಿನ್ನೇನು?" ಎಂದ ಗೇಣಪ್ಪ. ಆ ಕ್ಷಣ ಅವನಿಗೆ ಅದು ನಿಜವೆಂದೇ ಅನ್ನಿಸಿತು. "ನೀವೂ ಬನ್ನಿ" ಎಂದು ಅವಳು ಅನ್ನುವ ಮೊದಲೇ, ಅಂಗಡಿಯಲ್ಲಿ ತುಂಬ ಕೆಲಸವಿದೆ ಎಂದ.

ಹೊರಡಲು ನಾಲ್ಕು ದಿನ ಇರುವಾಗ ಅವಳು ಪೆಟ್ಟಿಗೆ ಆರಿಸಿಕೊಳ್ಳಲು ಅಂಗಡಿಗೆ ಬಂದಳು. ರಿಪೇರಿಗೆ ಕೊಟ್ಟು ವಾಪಸು ಕೇಳದವರ ಪೆಟ್ಟಿಗೆಗಳಲ್ಲಿ ಒಂದನ್ನು ನೆಲದ ಮೇಲೆ ಬಿಚ್ಚಿಟ್ಟು ಕೂತಿದ್ದಾಗ ಆ ಗಗನಸಖಿ ಮತ್ತೆ ಬಂದಳು. ಈ ಸಲ ಜಿಪ್ಪು ಕೆಟ್ಟಿತ್ತು. ಗೇಣಪ್ಪ ಅವಳನ್ನು ಕಂಡವನೇ ಎದ್ದು ನಿಂತ.

"ಇವರೇನಾ ನಿಮ್ಮ ಮನೆಯವರು?" ಎಂದಳು ಅವಳು ನಗುತ್ತ. "ಮೇಡಂ, ಅಕ್ಕನ ನೋಡ್ಕೊಂಡು ಬಂದ್ರಾ? ಅವರ ಕಣ್ಣು ಹೇಗಿದೆ ಈಗ?"

"ಈಗ ಹೊರಟಿದ್ದೀನಿ ಕಣಮ್ಮ" ಎಂದಳು ಹೆಂಡತಿ. "ಹೊಸ ದಾರಿ ಆಗಿದೆಯಲ್ಲ."

"ಹೊಸದೇನಿಲ್ಲ ಮೇಡಂ. ನಾನು ಕೆಲಸಕ್ಕೆ ಸೇರೋ ಮುಂಚಿಂದಲೂ ಇದೆ. ಎರಡು ವರ್ಷದ ಹಿಂದೆ ಇಲ್ಲೇ ನಿಂತು ಅಂಕಲ್‌ಗೆ ಹೇಳಿದ್ನಲ್ಲ, ಒಂಬತ್ತೇ ಗಂಟೆ ಅಂತ. ಕಾಗದ ಸುತ್ತಿ ತೋರಿಸಿದ್ದೆ."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಜಿಪ್ಪು ನೋಡುತ್ತಿದ್ದ. ಅವಳು ಬಿಚ್ಚಿಟ್ಟ ಪೆಟ್ಟಿಗೆಯನ್ನು ಮುಚ್ಚಿ, ಬೀಗ ಒತ್ತಿ, ಎತ್ತಿಕೊಂಡು ಮನೆಗೆ ಹೋದಳು. ಚಕ್ರವಿದ್ದರೂ ಎಳೆಯಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಅವಳು ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

"ಯಾಕೆ ಹೇಳ್ಲಿಲ್ಲ?" ಎಂದಳು ತಿರುಗದೆ.

"ಮರೆತುಬಿಟ್ಟೆ."

"ಹತ್ತು ವರ್ಷದ ಹಿಂದೆ ಯಾರ ಪೆಟ್ಟಿಗೆಗೆ ಯಾವ ಅಳತೆ ಚಕ್ರ ಹಾಕಿದ್ರಿ ಅನ್ನೋದು ಮರೆಯಲ್ಲ ನೀವು."

ಅವನು ಬಾಗಿಲ ಹತ್ತಿರ ನಿಂತು ಉಗುರು ಕೆರೆದ. "ಬೀದಿಯವರು ಏನಂತಾರೋ ಅಂತ... ಆ ದರ್ಜಿ ಗೊತ್ತಲ್ಲ ನಿನಗೆ. ಎಲ್ಲರ ಮುಂದೆ ಐದೂವರೆ ಅಂದುಬಿಟ್ಟಿದ್ದೆ."

ಅವಳಿಗೆ ಅಳು ಬರುತ್ತದೆ ಎಂದು ಅವನು ಕಾದ. ಅವಳಿಗೆ ಬಂದದ್ದು ಸಿಟ್ಟು, ಮದುವೆಯಾದಂದಿನಿಂದ ಅವನು ಕಂಡಿರದಂಥ ಸಿಟ್ಟು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದಳು, ನೀರು ನಿಂತ ಮೇಲೂ ಹಿಂಡಿದಳು.

"ಬೀದಿಯವರಿಗೆ ಹೆದರಿಕೊಳ್ಳಬೇಡಿ. ನಾನು ಯಾರಿಗೂ ಹೇಳಲ್ಲ. ಅಕ್ಕನಿಗೂ ಹೇಳಲ್ಲ. ಹೊಸ ದಾರಿ ಆಯ್ತು, ನೀವೇ ಹುಡುಕಿ ಕೊಟ್ರಿ ಅಂತಲೇ ಹೇಳ್ತೀನಿ. ಸಾಕಾ?"

ಸಾಕಾಗಿತ್ತು ಅವನಿಗೆ. ಹೇಳಲು ನಾಚಿಕೆಯಾಗಬೇಕು, ಆದರೆ ಅಂದು ಅವನು ಗೊರಕೆ ಹೊಡೆದು ನಿದ್ದೆ ಮಾಡಿದ. ಹೆಂಡತಿಯ ಸಿಟ್ಟು ಇಂದಲ್ಲ ನಾಳೆ ಇಳಿಯುತ್ತದೆ, ಮಾನ ಒಂದು ಉಳಿಯಿತಲ್ಲ ಎಂಬುದು ಅವನ ಸಮಾಧಾನ.

ವಿಮಾನ ನಿಲ್ದಾಣಕ್ಕೆ ಬಿಡಲು ಹೋದ. ದಾರಿಯುದ್ದಕ್ಕೂ ಮಾತಾಡಿದವನು ಅವನೊಬ್ಬನೇ. ಗಂಟೆಗೊಮ್ಮೆ ಎದ್ದು ಓಡಾಡು, ನೀರು ಕುಡೀತಾ ಇರು, ಕಾಲು ಮಡಚಿ ಕೂರಬೇಡ, ಕಿವಿ ಗುಯ್ ಅಂದ್ರೆ ಏನಾದ್ರೂ ಜಗಿ. ಗಾಜಿನ ಬಾಗಿಲಲ್ಲಿ ಅವಳು ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅವನು ಕೈ ಎತ್ತಿ ಬೀಸಿದ. ಒಳಗಿದ್ದವರು ಯಾರೂ ತಿರುಗಿ ಬೀಸಲಿಲ್ಲ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ದರ್ಜಿಯೂ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಸುದ್ದಿ ಕೇಳಲು ಬಂದು ಕೂತಿದ್ದ. ಫೋನು ಬಂತು. ಹೆಂಡತಿಯದೇ. ಗೇಣಪ್ಪ ಎಲ್ಲರನ್ನೂ ಒಮ್ಮೆ ನೋಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ.

"ತಲುಪಿದ್ಯಾ? ಎಷ್ಟು ಹಿಡೀತು?"

"ಒಂಬತ್ತು" ಎಂದಳು. ಗೇಣಪ್ಪ ದರ್ಜಿಯ ಕಡೆ ನೋಡಿ ಹುಬ್ಬು ಹಾರಿಸಿದ.

"ಕಾಲು?"

"ಏನೂ ಆಗಿಲ್ಲ. ತಗೊಳ್ಳಿ, ಅಕ್ಕ ಮಾತಾಡ್ಬೇಕಂತೆ."

ಅಕ್ಕನ ದನಿ ಗಟ್ಟಿಯಾಗಿತ್ತು, ದೂರದವರೊಡನೆ ಮಾತಾಡುವ ಹಳೇ ಜನರ ದನಿ. "ಅಲ್ಲಪ್ಪ, ನಿಮಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಇವಳು ಎಲ್ಲ ಹೇಳಿದ್ಲು. ಹೊಸ ದಾರಿ ಯಾವಾಗ ಬಿಡ್ತಾರೆ ಅಂತ ನೀವು ವರ್ಷಗಟ್ಟಲೆ ಕಾದಿದ್ರಂತೆ, ಬಿಟ್ಟ ದಿನವೇ ಓಡಿಹೋಗಿ ಟಿಕೆಟ್ ತಂದ್ರಂತೆ. ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ."

"ಅಯ್ಯೋ, ಅದೇನು ಬಿಡಿ" ಎಂದ ಗೇಣಪ್ಪ.

"ಹಾಗನ್ಬೇಡಿ. ಬಂದವಳೇ ತಬ್ಬಿಕೊಂಡ್ಲು. ಕೈಯಲ್ಲಿ ಮುಖವೆಲ್ಲ ಮುಟ್ಟಿ ನೋಡ್ದೆ. ಕೆನ್ನೆ ತುಂಬಿಕೊಂಡಿದೆ, ಅಮ್ಮನ ಹಾಗೆ ಆಗಿದಾಳೇನೋ. ಕಣ್ಣಿಗೆ ಕಾಣಲಿಲ್ಲ ನೋಡಿ. ಹೋದ ತಿಂಗಳೇ ಪೂರ್ತಿ ಹೋಯ್ತು, ಇವಳು ಸಂಕಟಪಡ್ತಾಳೆ ಅಂತ ಫೋನಲ್ಲಿ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಆಗಿದ್ರೆ ನೋಡ್ತಿದ್ದೆ. ಆವಾಗ ಎದುರಿಗೆ ಕೂತವರ ಮೂಗು ಕಣ್ಣೆಲ್ಲ ಚೆನ್ನಾಗಿ ಕಾಣ್ತಿತ್ತು. ಏನ್ಮಾಡೋದು, ಆವಾಗ ದಾರಿ ಇರಲಿಲ್ಲ. ದಾರಿ ಇಲ್ಲದೆ ಇದ್ರೆ ಪಾಪ ನೀವಾದ್ರೂ ಏನ್ಮಾಡ್ತೀರಿ. ಆದ ತಕ್ಷಣ ಕಳಿಸಿಕೊಟ್ರಲ್ಲ, ಅಷ್ಟು ಸಾಕು. ನಿಮ್ಮ ಹೊಟ್ಟೆ ತಣ್ಣಗಿರಲಿ."

ಒಬ್ಬ ಗಿರಾಕಿ ಕಣ್ಣು ಒರೆಸಿಕೊಂಡ. ಗೇಣಪ್ಪ ಸ್ಪೀಕರ್ ಆರಿಸಲು ಫೋನಿನ ಮೇಲೆ ಎಲ್ಲೆಲ್ಲೋ ಒತ್ತಿದ, ಅದು ಆರಲಿಲ್ಲ. ಅಷ್ಟರಲ್ಲಿ ಹೆಂಡತಿಯ ದನಿ ಬಂತು.

"ಕೇಳಿಸ್ತಾ?"

"ಹೂಂ."

"ಎಲ್ಲರಿಗೂ ಕೇಳಿಸ್ತಾ?"

"ಹೂಂ" ಎಂದ. ಅವಳು ಫೋನು ಇಟ್ಟಳು. ಯಾವಾಗ ಬರುತ್ತಾಳೆಂದು ಹೇಳಲಿಲ್ಲ, ಅವನಿಗೆ ಕೇಳುವ ಧೈರ್ಯವೂ ಬರಲಿಲ್ಲ.

ದರ್ಜಿ ಎದ್ದು ನಿಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗೆ ಇರಲಿಲ್ಲ. ಗೇಣಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಷ್ಟು ದಿನ ನಿಮ್ಮನ್ನ ಆಡಿಕೊಂಡೆ, ಮನಸ್ಸಿಗೆ ಹಚ್ಕೋಬೇಡಿ ಮಾವ. ಪುಣ್ಯಾತ್ಮರು ನೀವು" ಎಂದ.

ಗೇಣಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ದರ್ಜಿ ಬಿಡಲಿಲ್ಲ.